145ರಲ್ಲಿ ಆಡಿದ ಮಾತು 437ರಲ್ಲೂ ಕಂಡಾಗ: ಐಎಸ್‌ಎಸ್ ರಿಪೀಟರ್‌ಗಾಗಿ ಕಟ್ಟಿದ ಎರಡು ಫಿಲ್ಟರ್

ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ (ಐಎಸ್‌ಎಸ್) ಹ್ಯಾಮ್‌ಗಳಿಗೆ, ಅಂದರೆ ಹವ್ಯಾಸಿ ರೇಡಿಯೊದವರಿಗೆಂದೇ ಒಂದು ಎಫ್‌ಎಂ ರಿಪೀಟರ್ ಇದೆ. ಶುರುವಾಗಿದ್ದು 2020ರ ಸೆಪ್ಟೆಂಬರ್‌ನಲ್ಲಿ. ನೆಲದಿಂದ 145.990 ಮೆಗಾಹರ್ಟ್ಜ್‌ನಲ್ಲಿ 67 ಹರ್ಟ್ಜ್ ಟೋನ್ ಸೇರಿಸಿ ಮಾತಾಡಿದರೆ ಅದು 437.800ರಲ್ಲಿ ವಾಪಸ್ ಬಿಡುತ್ತದೆ. ಈಗ ಆ 145.990 ಅನ್ನು ಮೂರರಿಂದ ಗುಣಿಸಿ ನೋಡಿ. 437.970. ಕೇಳಿಸಿಕೊಳ್ಳಬೇಕಾದ ಜಾಗಕ್ಕೂ ನನ್ನ ಸೆಟ್ಟಿನ ಮೂರನೇ ಹಾರ್ಮೋನಿಕ್ (ಮೂಲ ಆವರ್ತನದ ಮೂರು ಪಟ್ಟಿನಲ್ಲಿ ಹುಟ್ಟುವ ಬೇಡದ ಸಿಗ್ನಲ್) ಬೀಳುವ ಜಾಗಕ್ಕೂ ನಡುವೆ ಬರೀ 170 ಕಿಲೋಹರ್ಟ್ಜ್. ಈ ಲಾಗ್ ಹೆಚ್ಚುಕಡಿಮೆ ಪೂರ್ತಿ ಆ 170 ಕಿಲೋಹರ್ಟ್ಜ್‌ನದ್ದೇ.

ಸಲಕರಣೆ ದೊಡ್ಡದೇನಲ್ಲ. ಕಳಿಸಲು 5 ವ್ಯಾಟ್‌ನ ಅಗ್ಗದ ಹ್ಯಾಂಡಿ, ಅಂದರೆ ಕೈಯಲ್ಲಿ ಹಿಡಿಯುವ ಸೆಟ್. ಕೇಳಲು ಲ್ಯಾಪ್‌ಟಾಪಿಗೆ ಚುಚ್ಚುವ ಆರ್‌ಟಿಎಲ್-ಎಸ್‌ಡಿಆರ್ ಎಂಬ ಪುಟ್ಟ ರಿಸೀವರ್. ಒಂದೇ ಮರದ ಬೂಮ್ ಮೇಲೆ ಎರಡು ಯಾಗಿ ಆಂಟೆನಾ. ಜಾಗ ಮೈಸೂರಿನ ನಮ್ಮ ಮನೆಯ ತಾರಸಿ. ಇದನ್ನು ಓದಿ ಉತ್ಸಾಹ ಬಂದವರಿಗೆ ಮೊದಲೇ ಹೇಳಿಬಿಡುತ್ತೇನೆ: ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗ ಕೊಡುವ ಹ್ಯಾಮ್ ಪರವಾನಗಿ ಕೈಗೆ ಬರುವವರೆಗೂ ಪಿಟಿಟಿ, ಅಂದರೆ ಒತ್ತಿ ಮಾತಾಡುವ ಗುಂಡಿ ಮುಟ್ಟುವ ಹಾಗಿಲ್ಲ.

ಕಳಿಸುವುದು ಒಂದರಲ್ಲಿ, ಕೇಳುವುದು ಇನ್ನೊಂದರಲ್ಲಿ, ಎರಡೂ ಏಕಕಾಲಕ್ಕೆ. ಇದು ಶೋಕಿಯಲ್ಲ. ಎಫ್‌ಎಂ ರಿಪೀಟರ್ ಒಂದು ಹೊತ್ತಿಗೆ ಒಬ್ಬರನ್ನು ಮಾತ್ರ ಹೊರುತ್ತದೆ. ಇಬ್ಬರು ಒಟ್ಟಿಗೆ ಬಂದರೆ ಜೋರಾಗಿರುವವನು ಗೆಲ್ಲುತ್ತಾನೆ, ಇನ್ನೊಬ್ಬ ಅಳಿಸಿಹೋಗುತ್ತಾನೆ. ನಿಲ್ದಾಣ ನಮ್ಮ ತಲೆಯ ಮೇಲಿರುವುದು ಹೆಚ್ಚೆಂದರೆ ಹತ್ತು ನಿಮಿಷ. ಅಷ್ಟರಲ್ಲಿ ಶ್ರೀಲಂಕಾದಿಂದ ಹಿಮಾಲಯದವರೆಗಿನ ಜನ ಅದೇ ಒಂದು ಚಾನೆಲ್ಲಿಗೆ ಮುಗಿಬಿದ್ದಿರುತ್ತಾರೆ. ನನ್ನ ದನಿ ಮೇಲಿಂದ ವಾಪಸ್ ಬರುತ್ತಿದೆಯೋ ಇಲ್ಲವೋ ಎಂದು ಗೊತ್ತಾಗದೆ ಕರೆ ಚಿಹ್ನೆ ಕೂಗುತ್ತಾ ಹೋದರೆ ನಾನೇ ಅಡಚಣೆ. ಒಂದೇ ಹ್ಯಾಂಡಿಯಲ್ಲಿ ಒತ್ತಿ ಬಿಟ್ಟು ಒತ್ತಿ ಬಿಟ್ಟು ಉಪಗ್ರಹ ಮಾಡುವವರು ಬೇಕಾದಷ್ಟಿದ್ದಾರೆ. ನನಗೆ ಅದು ಸರಿ ಕಾಣುವುದಿಲ್ಲ.

ಆಂಟೆನಾದ ಭಾಗ ಬೇಗ ಮುಗಿಸುತ್ತೇನೆ, ಅದರಲ್ಲಿ ಹೊಸತೇನೂ ಇಲ್ಲ. ತೇಗದ ರೀಪು, 3 ಮಿ.ಮೀ. ಅಲ್ಯೂಮಿನಿಯಂ ಕಡ್ಡಿ. ಎರಡು ಮೀಟರ್ (145ರ) ಬ್ಯಾಂಡಿಗೆ ಮೂರು ಕಡ್ಡಿ: ಹಿಂದಿನ ರಿಫ್ಲೆಕ್ಟರ್ 104 ಸೆಂ.ಮೀ., ಮುಂದಿನ ಡೈರೆಕ್ಟರ್ 94 ಸೆಂ.ಮೀ. ಎಪ್ಪತ್ತು ಸೆಂಟಿಮೀಟರ್ (437ರ) ಬ್ಯಾಂಡಿಗೆ ಆರು ಕಡ್ಡಿ: ರಿಫ್ಲೆಕ್ಟರ್ 34, ಡೈರೆಕ್ಟರ್‌ಗಳು 31.5ರಿಂದ ಇಳಿಯುತ್ತಾ 28 ಸೆಂ.ಮೀ.ವರೆಗೆ. ಕೋಆಕ್ಸ್ ಕೇಬಲ್ ಬೆಸೆಯುವ ಕಡ್ಡಿಗಳು ಮಾತ್ರ ತಾಮ್ರ, ಅಲ್ಯೂಮಿನಿಯಂಗೆ ಸೀಸ ಹಿಡಿಯುವುದಿಲ್ಲವಲ್ಲ. ಎರಡು ಯಾಗಿಗಳನ್ನು ಒಂದಕ್ಕೊಂದು ಅಡ್ಡಲಾಗಿ, 90 ಡಿಗ್ರಿಗೆ ಇಟ್ಟಿದ್ದೇನೆ. ಅದಕ್ಕೆ ಕಾರಣವಿದೆ. 145ಕ್ಕೆ ಅರ್ಧ ತರಂಗವಾಗುವ ಕಡ್ಡಿ 437ಕ್ಕೆ ಒಂದೂವರೆ ತರಂಗ, ಅಂದರೆ ಅಲ್ಲೂ ಅನುರಣಿಸುತ್ತದೆ. ಸೆಟ್ಟಿನಿಂದ ಹಾರ್ಮೋನಿಕ್ ಹೊರಟರೆ ಎರಡು ಮೀಟರ್ ಆಂಟೆನಾ ಅದನ್ನು ತಡೆಯುವುದಿಲ್ಲ, ಸಲೀಸಾಗಿ ಸಾಗಹಾಕುತ್ತದೆ. ಅಡ್ಡ ಇಟ್ಟರೆ ಎರಡರ ನಡುವಿನ ಸೋರಿಕೆ ಒಂದಿಷ್ಟು ಕಡಿಮೆ.

ಒಂದಿಷ್ಟು ಮಾತ್ರ. ನಿಲ್ದಾಣ ಭೂಮಿಯ ಆಚೆ ಬದಿಯಲ್ಲಿದ್ದ ಹೊತ್ತಲ್ಲಿ ಲ್ಯಾಪ್‌ಟಾಪಿನಲ್ಲಿ ವಾಟರ್‌ಫಾಲ್, ಅಂದರೆ ಸಿಗ್ನಲ್‌ಗಳನ್ನು ಬಣ್ಣದಲ್ಲಿ ತೋರಿಸುವ ಚಿತ್ರ ತೆರೆದು, 437.800 ಅನ್ನು ನಡುವಿಗಿಟ್ಟು, ಪಿಟಿಟಿ ಒತ್ತಿದೆ. ಕಡುನೀಲಿಯಿದ್ದ ಪರದೆ ಪೂರ್ತಿ ತಿಳಿ ಹಸಿರಿಗೆ ತಿರುಗಿತು. ನೆಲಗದ್ದಲ (ಸಿಗ್ನಲ್ ಇಲ್ಲದಾಗಲೂ ಇರುವ ತಳದ ಗದ್ದಲ) ಅಷ್ಟು ಮೇಲೆದ್ದಿತ್ತು. 437.970ರಲ್ಲಿ ದಪ್ಪನೆಯ ಹಳದಿ ಗೆರೆ. ಮೈಕಿನ ಹತ್ತಿರ 'ಹಲೋ' ಎಂದರೆ ಗೆರೆ ಎರಡೂ ಪಕ್ಕಕ್ಕೆ ಹಿಗ್ಗುತ್ತದೆ, ಅದೂ ಎಫ್‌ಎಂ ಸಿಗ್ನಲ್ ಸಾಮಾನ್ಯವಾಗಿ ಹಿಗ್ಗುವುದಕ್ಕಿಂತ ಹೆಚ್ಚು. ಮೂರನೇ ಹಾರ್ಮೋನಿಕ್‌ನಲ್ಲಿ ಆವರ್ತನ ಮೂರು ಪಟ್ಟಾದಂತೆ ಡೀವಿಯೇಶನ್ನೂ ಮೂರು ಪಟ್ಟಾಗುತ್ತದೆ. 145ರಲ್ಲಿ 5 ಕಿಲೋಹರ್ಟ್ಜ್ ಅತ್ತಿತ್ತ ಓಡುವ ಮಾತು 437ರಲ್ಲಿ 15 ಕಿಲೋಹರ್ಟ್ಜ್ ಓಡುತ್ತದೆ. ಗೆರೆಯ ಅಗಲ ನೋಡಿದರೇ ಸಾಕು, ಅದು ಹೊರಗಿನವರದ್ದಲ್ಲ, ನಮ್ಮದೇ ಎಂದು ಹೇಳಬಹುದು.

ಪಕ್ಕದ ತಾರಸಿಯಲ್ಲಿ ಹಪ್ಪಳ ಒಣಗಿಸುತ್ತಿದ್ದ ಆಂಟಿ, "ಏನಪ್ಪಾ, ಡಿಶ್ ಕೆಟ್ಟೋಯ್ತಾ?" ಅಂದರು. "ಹೂಂ ಆಂಟಿ, ಅಂಥದ್ದೇ" ಅಂದೆ.

ಈಗ ಮುಖ್ಯ ಪ್ರಶ್ನೆ: ಆ ಗೆರೆ ಹುಟ್ಟುತ್ತಿರುವುದು ಎಲ್ಲಿ? ಹ್ಯಾಂಡಿಯೇ 437.970 ಅನ್ನು ಉಗುಳುತ್ತಿರಬಹುದು. ಅಥವಾ ಹ್ಯಾಂಡಿ ಶುದ್ಧವಾಗಿಯೇ ಇದ್ದು, ಒಂದು ಮೀಟರ್ ದೂರದಿಂದ ಬಡಿಯುವ 145ರ ಹೊಡೆತಕ್ಕೆ ಎಸ್‌ಡಿಆರ್‌ನ ಮೊದಲ ಹಂತವೇ ತತ್ತರಿಸಿ ತನ್ನೊಳಗೇ ಹಾರ್ಮೋನಿಕ್ ಹುಟ್ಟಿಸುತ್ತಿರಬಹುದು. ಪರದೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಔಷಧ ಮಾತ್ರ ಬೇರೆ ಬೇರೆ. ಮೊದಲನೆಯದಕ್ಕೆ ಕಳಿಸುವ ಕಡೆ, ಕೆಳಗಿನ ಆವರ್ತನಗಳನ್ನಷ್ಟೇ ಬಿಡುವ ಲೋಪಾಸ್ ಫಿಲ್ಟರ್. ಎರಡನೆಯದಕ್ಕೆ ಕೇಳುವ ಕಡೆ, ಮೇಲಿನವನ್ನಷ್ಟೇ ಬಿಡುವ ಹೈಪಾಸ್ ಫಿಲ್ಟರ್. ಅದಲುಬದಲಾದರೆ ಸೀಸವೂ ಸಂಜೆಯೂ ದಂಡ.

ಪತ್ತೆ ಹಚ್ಚುವ ಉಪಾಯ ಸುಲಭ. ಆಂಟೆನಾಗೂ ಎಸ್‌ಡಿಆರ್‌ಗೂ ನಡುವೆ ಸಿಗ್ನಲ್ಲನ್ನು 10 ಡೆಸಿಬೆಲ್ ತಗ್ಗಿಸುವ ಅಟೆನ್ಯುಯೇಟರ್ ಒಂದನ್ನು ಹಾಕಿ. ಗೆರೆ ಹೊರಗಿನಿಂದ ಬಂದದ್ದಾದರೆ ಸರಿಯಾಗಿ 10 ಡೆಸಿಬೆಲ್ ಇಳಿಯುತ್ತದೆ. ರಿಸೀವರ್‌ನೊಳಗೆ ಹುಟ್ಟಿದ ಮೂರನೇ ಹಾರ್ಮೋನಿಕ್ ಆದರೆ, ಒಳಬರುವ ಹೊಡೆತ 10 ತಗ್ಗಿದ್ದಕ್ಕೆ ಅದು 30ರ ಹತ್ತಿರ ತಗ್ಗುತ್ತದೆ. ನನ್ನದು 25ರಷ್ಟು ಇಳಿಯಿತು. ಅಂದರೆ ಸದ್ಯಕ್ಕೆ ದೊಡ್ಡ ಅಪರಾಧಿ ನನ್ನದೇ ರಿಸೀವರ್. ಆದರೆ ಪೂರ್ತಿ 30 ಇಳಿಯಲಿಲ್ಲವಲ್ಲ, ಹಾಗಾಗಿ ಹ್ಯಾಂಡಿಯ ಮೇಲಿನ ಅನುಮಾನವೂ ಉಳಿಯಿತು.

ಹೈಪಾಸ್ ಫಿಲ್ಟರ್ ಮೊದಲು ಕಟ್ಟಿದೆ. ಸಾಲಾಗಿ 8.2, 4.7, 8.2 ಪಿಕೋಫ್ಯಾರಡ್‌ನ ಮೂರು ಕೆಪಾಸಿಟರ್. ಅವುಗಳ ನಡುವಿನ ಎರಡು ಗಂಟುಗಳಿಂದ ನೆಲಕ್ಕೆ ಸುಮಾರು 17.5 ನ್ಯಾನೊಹೆನ್ರಿಯ ಎರಡು ಸುರುಳಿ. 330 ಮೆಗಾಹರ್ಟ್ಜ್‌ಗಿಂತ ಮೇಲಿನದನ್ನು ಬಿಡುತ್ತದೆ, 146ರಲ್ಲಿ ಲೆಕ್ಕದ ಪ್ರಕಾರ ಸುಮಾರು 40 ಡೆಸಿಬೆಲ್ ತಡೆಯುತ್ತದೆ. ಸುರುಳಿಗೆ 4 ಮಿ.ಮೀ. ಡ್ರಿಲ್ ಬಿಟ್ ಮೇಲೆ 1 ಮಿ.ಮೀ. ಎನಾಮಲ್ ತಂತಿಯ ಎರಡೇ ಸುತ್ತು, 3.5 ಮಿ.ಮೀ. ಉದ್ದಕ್ಕೆ ಎಳೆದದ್ದು. ಇಷ್ಟು ಹಾಕಿ ಮತ್ತೆ ಪಿಟಿಟಿ ಒತ್ತಿದಾಗ ಪರದೆ ನೀಲಿಯಾಗಿಯೇ ಉಳಿಯಿತು. ನೆಲಗದ್ದಲ ಎದ್ದಿದ್ದು ಪೂರ್ತಿ ಓವರ್‌ಲೋಡ್‌ನಿಂದಲೇ. ಆದರೆ 437.970ರ ಗೆರೆ ಸಣ್ಣಗಾಯಿತೇ ಹೊರತು ಹೋಗಲಿಲ್ಲ. ಅಟೆನ್ಯುಯೇಟರ್ ಮತ್ತೆ ಹಾಕಿ ನೋಡಿದೆ: ಈ ಸಲ ಸರಿಯಾಗಿ 10. ಇದು ಹ್ಯಾಂಡಿಯದ್ದು. ಕೇಳುವ ಕಡೆ ಇನ್ನೆಷ್ಟು ಫಿಲ್ಟರ್ ಹಾಕಿದರೂ ಇದು ಹೋಗುವುದಿಲ್ಲ, ಏಕೆಂದರೆ ನನಗೆ ಬೇಕಾದ 437.800ಕ್ಕೆ ಬಾಗಿಲು ತೆಗೆದರೆ 437.970 ಕೂಡ ಅದೇ ಬಾಗಿಲಲ್ಲಿ ನುಗ್ಗುತ್ತದೆ.

ಗೆಳೆಯರೊಬ್ಬರ ಕೈಯಳತೆಯ ಸ್ಪೆಕ್ಟ್ರಮ್ ಅನಲೈಸರ್ ಎರವಲು ತಂದು, ನಡುವೆ 40 ಡೆಸಿಬೆಲ್‌ನ ಅಟೆನ್ಯುಯೇಟರ್ ಇಟ್ಟು ಅಳೆದೆ. ಮೂರನೇ ಹಾರ್ಮೋನಿಕ್ ಮೂಲ ಸಿಗ್ನಲ್‌ಗಿಂತ 40 ಡೆಸಿಬೆಲ್ ಕೆಳಗಿತ್ತು. 5 ವ್ಯಾಟ್‌ನ ಹತ್ತು ಸಾವಿರದಲ್ಲೊಂದು ಪಾಲು, ಅರ್ಧ ಮಿಲಿವ್ಯಾಟ್. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ, ಅಂದರೆ ಐಟಿಯುನ ರೇಡಿಯೊ ನಿಯಮಾವಳಿಯ ಮೂರನೇ ಅನುಬಂಧದಲ್ಲಿ ಇಂಥ ಬೇಡದ ಸೂಸುವಿಕೆಗೆ ಮಿತಿ ಇದೆ. ವ್ಯಾಟ್‌ನಲ್ಲಿರುವ ಶಕ್ತಿಯ ಲಾಗರಿದಮ್ ಅನ್ನು ಹತ್ತರಿಂದ ಗುಣಿಸಿ 43 ಕೂಡಿಸಬೇಕು. 5 ವ್ಯಾಟ್‌ಗೆ ಅದು 50 ಡೆಸಿಬೆಲ್. ನನ್ನ ಸೆಟ್ ಹತ್ತು ಡೆಸಿಬೆಲ್ ಸೋತಿದೆ, ಬಿಡಬಹುದಾದ್ದರ ಹತ್ತು ಪಟ್ಟು ಬಿಡುತ್ತಿದೆ. ಅಗ್ಗದ ಸೆಟ್‌ಗಳಲ್ಲಿ ಇದೇನು ಅಪರೂಪವಲ್ಲ.

ಇಲ್ಲಿ ಒಂದು ಮಾತು. ಆ 50 ಡೆಸಿಬೆಲ್ ಮಿತಿ ಪಾಲಿಸಿದರೂ ನನ್ನ ಕೆಲಸ ಆಗುತ್ತಿರಲಿಲ್ಲ. ಮಿತಿ ಇರುವುದು ಅಕ್ಕಪಕ್ಕದವರ ರಕ್ಷಣೆಗೆ. ಒಂದೇ ಬೂಮ್ ಮೇಲೆ ಕೂತ ನನ್ನದೇ ರಿಸೀವರ್‌ಗೆ ಅದು ಎಲ್ಲಿ ಸಾಕು? ಸಾವಿರ ಕಿಲೋಮೀಟರ್ ದೂರದಿಂದ ಬರುವ 437ರ ಸಿಗ್ನಲ್ ದಾರಿಯಲ್ಲೇ 145 ಡೆಸಿಬೆಲ್ ಕಳೆದುಕೊಂಡಿರುತ್ತದೆ. ನನ್ನ ಆಂಟೆನಾಗೆ ಸಿಗುವುದು ಒಂದು ಪಿಕೋವ್ಯಾಟ್‌ಗಿಂತ ಎಷ್ಟೋ ಕಡಿಮೆ. ಎಂಟು ಬಿಟ್‌ನ ಎಸ್‌ಡಿಆರ್ ಹೆಚ್ಚೆಂದರೆ 50 ಡೆಸಿಬೆಲ್ ವ್ಯತ್ಯಾಸವನ್ನು ಒಟ್ಟಿಗೆ ನಿಭಾಯಿಸೀತು. ಹಾಗಾಗಿ ನನ್ನ ಗುರಿ ನಿಯಮದ 50 ಅಲ್ಲ, 80ರ ಮೇಲೆ.

ನಿಯಮದ ವಿಷಯ ಬಂದಿದ್ದರಿಂದ ಇದನ್ನೂ ಹೇಳಿಬಿಡಬೇಕು. ನನ್ನ ಅಪ್‌ಲಿಂಕ್ ಮತ್ತು ಡೌನ್‌ಲಿಂಕ್ ಕಾನೂನಿನ ಕಣ್ಣಲ್ಲಿ ಒಂದೇ ಅಂತಸ್ತಿನವಲ್ಲ. 144ರಿಂದ 146 ಮೆಗಾಹರ್ಟ್ಜ್ ಇಡೀ ಜಗತ್ತಿನಲ್ಲಿ ಹ್ಯಾಮ್ ಮತ್ತು ಹ್ಯಾಮ್ ಉಪಗ್ರಹಗಳಿಗೆ ಪ್ರಾಥಮಿಕ ಹಕ್ಕಿನ ಜಾಗ. ಅದಕ್ಕೇ 2019ರಲ್ಲಿ ಫ್ರಾನ್ಸ್ ಈ ಬ್ಯಾಂಡನ್ನು ವಿಮಾನ ಸೇವೆಗೂ ಪರಿಶೀಲಿಸಬೇಕೆಂದು ಯುರೋಪಿನ ಸಭೆಯಲ್ಲಿ ಪ್ರಸ್ತಾಪ ಇಟ್ಟಾಗ ಹ್ಯಾಮ್‌ಗಳು ಅಷ್ಟು ಗಲಾಟೆ ಮಾಡಿದ್ದು. ಆ ಪ್ರಸ್ತಾಪ ಅದೇ ವರ್ಷ ಬಿದ್ದುಹೋಯಿತು. 435ರಿಂದ 438ರ ಕಥೆ ಬೇರೆ. ಅಲ್ಲಿ ಹ್ಯಾಮ್ ಉಪಗ್ರಹಗಳಿಗೆ ಜಾಗ ಸಿಕ್ಕಿರುವುದು ಐಟಿಯುನ ಆವರ್ತನ ಹಂಚಿಕೆ ಕೋಷ್ಟಕದ ಒಳಗಲ್ಲ, 5.282 ಎಂಬ ಅಡಿಟಿಪ್ಪಣಿಯಲ್ಲಿ. ಕೋಷ್ಟಕದ ಪ್ರಕಾರ ನಡೆಯುವ ಬೇರೆ ಸೇವೆಗಳಿಗೆ ಹಾನಿಕರ ಅಡಚಣೆ ಮಾಡಬಾರದು, ಮಾಡಿದರೆ ಕೂಡಲೇ ನಿಲ್ಲಿಸಬೇಕು ಎಂಬ ಷರತ್ತಿನ ಮೇಲೆ. ನಮ್ಮ ವಲಯದಲ್ಲಿ ಆ ಜಾಗದ ಯಜಮಾನಿಕೆ ರೇಡಾರ್‌ನಂಥ ಸೇವೆಗಳದ್ದು. ನನ್ನ 437.800ರ ಮೇಲೆ ಅವರ ಗದ್ದಲ ಬಿದ್ದರೆ ದೂರು ಕೊಡಲು ನನಗೆ ಹಕ್ಕಿಲ್ಲ. ನನ್ನ ಗದ್ದಲ ಅವರ ಮೇಲೆ ಬಿದ್ದರೆ ಕೇಳಲು ಅವರಿಗೆ ಹಕ್ಕಿದೆ.

ಉಪಗ್ರಹ ಹಾರಿಸುವವರಿಗೂ ಇದೇ ಬಿಗಿ. ಹ್ಯಾಮ್ ಉಪಗ್ರಹಕ್ಕೆ ಅನುಮತಿ ಕೊಡುವ ದೇಶ, ಉಡಾವಣೆಗೆ ಮುಂಚೆಯೇ ನೆಲದಲ್ಲಿ ಸಾಕಷ್ಟು ಆದೇಶ ಕೇಂದ್ರಗಳು ಸಿದ್ಧವಿರುವಂತೆ ನೋಡಿಕೊಳ್ಳಬೇಕು. ಅಡಚಣೆಯಾದರೆ ಆ ಕ್ಷಣ ಟ್ರಾನ್ಸ್‌ಮಿಟರ್ ಆರಿಸಲು ಬರಬೇಕು. ಇದು ನಿಯಮಾವಳಿಯ 25.11. ಹ್ಯಾಮ್ ಮಾತಿಗೆ ಗೂಢಲಿಪಿ ನಿಷಿದ್ಧವಾದರೂ ಉಪಗ್ರಹ ನಿಯಂತ್ರಣದ ಆದೇಶಗಳಿಗೆ ಮಾತ್ರ ವಿನಾಯಿತಿ ಕೊಟ್ಟಿದ್ದಾರೆ, ಇಲ್ಲದಿದ್ದರೆ ಯಾರು ಬೇಕಾದರೂ ಸ್ವಿಚ್ ಆರಿಸಿಬಿಡಬಹುದಲ್ಲ. ಯಾವ ಉಪಗ್ರಹಕ್ಕೆ ಯಾವ ಆವರ್ತನ ಎಂಬ ಹೊಂದಾಣಿಕೆಯನ್ನು ಹ್ಯಾಮ್‌ಗಳ ಅಂತರರಾಷ್ಟ್ರೀಯ ಒಕ್ಕೂಟ ಐಎಆರ್‌ಯುನ ಸಮಿತಿ ಮಾಡುತ್ತದೆ. ವಿಶ್ವವಿದ್ಯಾಲಯಗಳ ಪುಟ್ಟ ಉಪಗ್ರಹಗಳೆಲ್ಲ ಈ 3 ಮೆಗಾಹರ್ಟ್ಜ್ ಜಾಗಕ್ಕೇ ಬಂದು ತುಂಬಿಕೊಂಡಾಗ ಒತ್ತಡ ಹೆಚ್ಚಾಯಿತು. ಅಲ್ಪಾವಧಿ ಉಪಗ್ರಹಗಳ ನಿಯಂತ್ರಣಕ್ಕೆಂದು 137-138 ಮತ್ತು 148-149.9 ಮೆಗಾಹರ್ಟ್ಜ್‌ನಲ್ಲಿ ಜಾಗ ಸಿಕ್ಕಿದ್ದು 2019ರ ವಿಶ್ವ ರೇಡಿಯೊ ಸಮ್ಮೇಳನದಲ್ಲಿ.

ಹಾರ್ಮೋನಿಕ್ ವಿಷಯಕ್ಕೂ ಹಂಚಿಕೆಗೂ ಒಂದು ಹಳೆಯ ನಂಟಿದೆ. ಹ್ಯಾಮ್ ಬ್ಯಾಂಡ್‌ಗಳು ಗುಣಕದ ಲೆಕ್ಕದಲ್ಲಿ ಕೂರುತ್ತವೆ: 7, 14, 28, ಮೇಲೆ ಹೋದರೆ 144, 432, 1296. ಇದರಿಂದ ಒಂದು ಅನುಕೂಲ, ನಮ್ಮ ಮನೆಯ ಕಸ ನಮ್ಮ ಅಂಗಳದಲ್ಲೇ ಬೀಳುತ್ತದೆ. ಆದರೆ ನಮ್ಮ ದೇಶದಲ್ಲಿ ಎಪ್ಪತ್ತು ಸೆಂಟಿಮೀಟರ್ ಬ್ಯಾಂಡ್ ಇರುವುದು 434ರಿಂದ 438ರವರೆಗೆ ಮಾತ್ರ. 434ನ್ನು ಮೂರರಿಂದ ಭಾಗಿಸಿದರೆ 144.667 ಬರುತ್ತದೆ. ಅದಕ್ಕಿಂತ ಕೆಳಗೆ ಎರಡು ಮೀಟರ್‌ನಲ್ಲಿ ಮಾತಾಡಿದಾಗೆಲ್ಲ ಮೂರನೇ ಹಾರ್ಮೋನಿಕ್ ಹೊರಗಿನವರ ಜಾಗಕ್ಕೆ ಬೀಳುತ್ತದೆ. ಉಪಗ್ರಹಕ್ಕಲ್ಲದೆ ಊರೊಳಗಿನ ಹರಟೆಗೆ ಮಾತ್ರ ಹ್ಯಾಂಡಿ ಬಳಸುವವರೂ ಈ ಭಾಗಾಕಾರ ಒಮ್ಮೆ ಮಾಡಿ ನೋಡಬೇಕು.

ಲೋಪಾಸ್ ಫಿಲ್ಟರ್‌ಗೆ ಬಂದೆ. ಐದು ಭಾಗದ ಚೆಬಿಶೆವ್ ಮಾದರಿ, 0.1 ಡೆಸಿಬೆಲ್ ಏರಿಳಿತ, 190 ಮೆಗಾಹರ್ಟ್ಜ್‌ಗೆ ಕಡಿತ. ಲೆಕ್ಕ ಹಾಕಿದರೆ ಎರಡು ತುದಿಯಲ್ಲಿ ನೆಲಕ್ಕೆ 19 ಪಿಕೋಫ್ಯಾರಡ್, ನಡುವೆ 33, ಸಾಲಿನಲ್ಲಿ 57 ನ್ಯಾನೊಹೆನ್ರಿಯ ಎರಡು ಸುರುಳಿ. ಕಾಗದದ ಮೇಲೆ 437ರಲ್ಲಿ 42 ಡೆಸಿಬೆಲ್ ತಡೆ. ಹ್ಯಾಂಡಿಯ 40ಕ್ಕೆ ಇದು ಸೇರಿದರೆ 82.

ಕೆಪಾಸಿಟರ್‌ಗೆ ಬೆಂಗಳೂರಿನ ಎಸ್‌.ಪಿ. ರೋಡಿಗೇ ಹೋದೆ. ಸಿಲ್ವರ್ ಮೈಕಾ ಎಂದರೆ ಅಂಗಡಿಯವರು ಮುಖ ನೋಡಿದರು. "ಮೈಕಾ ಈಗ ಯಾರ್ ಕೇಳ್ತಾರೆ ಸಾರ್, ಸೆರಾಮಿಕ್ ತಗೊಳ್ಳಿ" ಎಂದವರೇ, ಮೇಲಿನ ಅಟ್ಟದಿಂದ ಧೂಳು ಹಿಡಿದ ಬಿಸ್ಕತ್ ಡಬ್ಬ ಇಳಿಸಿ ಮುಂದಿಟ್ಟರು. ಒಳಗೆ ಕಂದು ಬಣ್ಣದ ಮೈಕಾಗಳ ರಾಶಿ. 18 ಇತ್ತು, 30 ಇತ್ತು, 33 ಕೂಡ ಇತ್ತು. ಮೈಕಾ ಸಿಗದಿದ್ದರೆ ಎನ್‌ಪಿ0 ಗುರುತಿನ ಸೆರಾಮಿಕ್ ನಡೆಯುತ್ತದೆ. 5 ವ್ಯಾಟ್‌ಗೆ 50 ಓಮ್‌ನಲ್ಲಿ ವೋಲ್ಟೇಜ್ ತುದಿಮಟ್ಟ 22ರ ಆಸುಪಾಸು ಅಷ್ಟೇ. ಗುರುತಿಲ್ಲದ ಡಿಸ್ಕ್ ಸೆರಾಮಿಕ್ ಮಾತ್ರ ಬೇಡ.

ನಾನು ನಡುವಿಗೆ ತಂದದ್ದು 33 ಅಲ್ಲ, 30. ಇದರಲ್ಲೊಂದು ಕೈಚಳಕ ಇದೆ. ಕೆಪಾಸಿಟರ್‌ನ ಕಾಲುಗಳು ಬರೀ ತಂತಿಯಲ್ಲ, ಅವೂ ಸಣ್ಣ ಸುರುಳಿಗಳೇ. ಪ್ರತಿ ಮಿಲಿಮೀಟರ್‌ಗೆ ಒಂದು ನ್ಯಾನೊಹೆನ್ರಿಗಿಂತ ತುಸು ಕಡಿಮೆ. ಸಾಮಾನ್ಯವಾಗಿ ಈ ಆವರ್ತನಗಳಲ್ಲಿ ಕಾಲನ್ನು ಬುಡಕ್ಕೆ ಕತ್ತರಿಸಿ ಬೆಸೆಯಿರಿ ಅನ್ನುತ್ತಾರೆ. ಇಲ್ಲಿ ಬೇಕೆಂದೇ ಐದಾರು ಮಿಲಿಮೀಟರ್ ಬಿಟ್ಟೆ. 30 ಪಿಕೋಫ್ಯಾರಡ್ ಜೊತೆ 4.4 ನ್ಯಾನೊಹೆನ್ರಿ ಸೇರಿದರೆ ಸರಿಯಾಗಿ 438 ಮೆಗಾಹರ್ಟ್ಜ್‌ನಲ್ಲಿ ಸರಣಿ ಅನುರಣನ, ಅಂದರೆ ಆ ಆವರ್ತನಕ್ಕೆ ನೆಲಕ್ಕೇ ನೇರ ದಾರಿ. 146ರಲ್ಲಿ ಅದೇ ಜೋಡಿ 34 ಪಿಕೋಫ್ಯಾರಡ್‌ನಂತೆ ನಡೆದುಕೊಳ್ಳುತ್ತದೆ, ಅಂದರೆ ಲೆಕ್ಕಕ್ಕೆ ಬೇಕಿದ್ದ 33ರ ಪಕ್ಕದಲ್ಲೇ. ಬೇಡದ ಇಂಡಕ್ಟನ್ಸ್‌ಗೆ ಕೆಲಸ ಹಚ್ಚಿದಂತಾಯಿತು.

ಸುರುಳಿಗೆ 5 ಮಿ.ಮೀ. ಡ್ರಿಲ್ ಬಿಟ್ ಮೇಲೆ 1 ಮಿ.ಮೀ. ತಂತಿಯ ನಾಲ್ಕು ಸುತ್ತು, ಉದ್ದ 7 ಮಿ.ಮೀ.ಗೆ ಎಳೆಯಬೇಕು. ಎನಾಮಲ್ ಅನ್ನು ಬ್ಲೇಡಿನಿಂದ ಕೆರೆದು, ತುದಿಗೆ ಮೊದಲೇ ಸೀಸ ಹತ್ತಿಸಿಕೊಂಡರೆ ಆಮೇಲೆ ಪೇಚಾಟವಿಲ್ಲ. ಎರಡು ಸುರುಳಿಗಳನ್ನು ಒಂದಕ್ಕೊಂದು ಲಂಬವಾಗಿ ಕೂರಿಸಿದೆ. ಒಂದೇ ದಿಕ್ಕಿಗಿಟ್ಟರೆ ಹಾರ್ಮೋನಿಕ್ ಒಂದರಿಂದ ಇನ್ನೊಂದಕ್ಕೆ ಗಾಳಿಯಲ್ಲೇ ಹಾರಿ, ಫಿಲ್ಟರ್ ಇದ್ದೂ ಇಲ್ಲದಂತೆ. ಇನ್ನೂ ನಂಬಿಕೆ ಬರದೆ ನಡುವೆ ತಾಮ್ರದ ಬೋರ್ಡಿನ ತುಂಡೊಂದನ್ನು ಗೋಡೆಯಂತೆ ನಿಲ್ಲಿಸಿದೆ. ಡಬ್ಬಿಯೂ ಅದೇ ತಾಮ್ರದ ಬೋರ್ಡಿನದ್ದು, ಅಂಚುಗಳನ್ನು ಉದ್ದಕ್ಕೂ ಬೆಸೆದದ್ದು. ಮುಚ್ಚಳ ಕೊನೆಗೆ.

ನ್ಯಾನೊವಿಎನ್‌ಎ ಎಂಬ ಅಳತೆಯ ಯಂತ್ರಕ್ಕೆ ಸಿಕ್ಕಿಸಿದಾಗ, ತಡೆ ಅತಿ ಹೆಚ್ಚಿರುವಲ್ಲಿ ಗ್ರಾಫ್‌ನಲ್ಲಿ ಬೀಳುವ ಗುಂಡಿ 438ರಲ್ಲಿರಲಿಲ್ಲ, 410ರಲ್ಲಿತ್ತು. ಕಾಲು ಉದ್ದವಾಗಿದೆ ಎಂದರ್ಥ. ಬೆಸುಗೆ ಕರಗಿಸಿ, ಇಕ್ಕಳದಲ್ಲಿ ಕೆಪಾಸಿಟರನ್ನು ಕೂದಲೆಳೆಯಷ್ಟು ಕೆಳಗೊತ್ತಿ, ಆರಲು ಬಿಟ್ಟು, ಮತ್ತೆ ನೋಡಬೇಕು. ಪ್ರತಿ ಸಲ ಗುಂಡಿ ಒಂದೊಂದು ಹೆಜ್ಜೆ ಬಲಕ್ಕೆ ಸರಿಯುವುದನ್ನು ನೋಡುವುದೇ ಒಂದು ಮಜಾ. ಆಮೇಲೆ ಸುರುಳಿಯ ಸುತ್ತುಗಳನ್ನು ಪ್ಲಾಸ್ಟಿಕ್ ಕಡ್ಡಿಯಿಂದ ತುಸು ಅಗಲಿಸಿ 146ರಲ್ಲಿ ಹೊಂದಾಣಿಕೆ ಸರಿಮಾಡಿದೆ. ಕೊನೆಗೆ 146ರಲ್ಲಿ ನಷ್ಟ 0.3 ಡೆಸಿಬೆಲ್, 438ರಲ್ಲಿ ತಡೆ 50 ದಾಟಿತ್ತು. ಅದಕ್ಕಿಂತ ಆಚೆ ಎಷ್ಟು ಎನ್ನುವುದನ್ನು ಈ ಯಂತ್ರದಿಂದ ನಂಬುವಂತೆ ಅಳೆಯಲಾಗದು. ಬೇಕಾಗಿಯೂ ಇರಲಿಲ್ಲ.

ಹ್ಯಾಂಡಿ, ಫಿಲ್ಟರ್, ಆಂಟೆನಾ. ಪಿಟಿಟಿ ಒತ್ತಿದರೆ 437.970ರಲ್ಲಿ, ಹುಡುಕಿದರೆ ಮಾತ್ರ ಕಾಣುವಂಥ ಒಂದು ಎಳೆ. ಅದು ಬಹುಶಃ ಹ್ಯಾಂಡಿಯ ಮೈಯಿಂದಲೇ ಸೋರುತ್ತಿರುವುದು. ಮಾತಾಡುವಾಗ ಸೆಟ್ಟನ್ನು ಯಾಗಿಯ ಹಿಂಬದಿಗೆ ಹಿಡಿದರೆ ಅದೂ ಕಾಣೆ.

ನಿಲ್ದಾಣ ನೈಋತ್ಯದಿಂದ ಎತ್ತರದಲ್ಲಿ ಹಾದುಹೋದ ಒಂದು ಸಂಜೆ ಪರೀಕ್ಷಿಸಿದೆ. 437.800ರ ಸಿಗ್ನಲ್ ದಿಗಂತದಿಂದ ಏಳುವಾಗ ಸುಮಾರು 10 ಕಿಲೋಹರ್ಟ್ಜ್ ಮೇಲಿರುತ್ತದೆ, ಇಳಿಯುವಾಗ ಅಷ್ಟೇ ಕೆಳಗೆ. ವಾಟರ್‌ಫಾಲ್‌ನಲ್ಲಿ ಉದ್ದ ಬಾಗಿದ ಗೆರೆ. ಇಬ್ಬರ ಮಾತು ಮುಗಿಯುವವರೆಗೆ ಕಾದು, ಕರೆ ಚಿಹ್ನೆ ಹೇಳಿದೆ. ನನ್ನದೇ ದನಿ ಇಯರ್‌ಫೋನಿನಲ್ಲಿ ಬಂತು, ಗದ್ದಲವಿಲ್ಲದೆ, ಗೆರೆ ಒಂಚೂರೂ ಅಲುಗದೆ. ಇಯರ್‌ಫೋನ್ ಕಡ್ಡಾಯ, ಸ್ಪೀಕರ್ ಹಾಕಿದರೆ ಮೈಕಿಗೆ ಅದೇ ದನಿ ಮತ್ತೆ ಹೋಗಿ ಶಿಳ್ಳೆ ಶುರುವಾಗುತ್ತದೆ. ನಿಲ್ದಾಣದಲ್ಲಿ ಬಾಹ್ಯಾಕಾಶ ನಡಿಗೆ ಅಥವಾ ನೌಕೆ ಜೋಡಣೆ ಇರುವ ದಿನ ರಿಪೀಟರ್ ಆರಿಸಿರುತ್ತಾರೆ, ಅಂದು ಏನೂ ಕೇಳದಿದ್ದರೆ ಫಿಲ್ಟರ್ ಬಿಚ್ಚಲು ಹೋಗಬೇಡಿ.

ಇದೇ ಜೋಡಿ ಐಒ-86ಕ್ಕೂ ಆಗುತ್ತದೆ. ಇಂಡೋನೇಷ್ಯಾದ ಈ ಉಪಗ್ರಹ 2015ರ ಸೆಪ್ಟೆಂಬರ್ 28ರಂದು ಶ್ರೀಹರಿಕೋಟಾದಿಂದ ಆಸ್ಟ್ರೋಸ್ಯಾಟ್ ಜೊತೆಗೇ ಹೋಗಿದ್ದು. ಸಮಭಾಜಕದಿಂದ 6 ಡಿಗ್ರಿಗಿಂತ ದೂರ ಹೋಗದ ಕಕ್ಷೆಯಾದ್ದರಿಂದ ನಮ್ಮ ದಕ್ಷಿಣದ ಆಕಾಶದಲ್ಲಿ ಸುತ್ತು ಸುತ್ತಿಗೂ ಕಾಣಿಸಿಕೊಳ್ಳುತ್ತದೆ. 145.880ರಲ್ಲಿ 88.5 ಟೋನ್ ಹಾಕಿ ಕಳಿಸಬೇಕು, 435.880ರಲ್ಲಿ ಕೇಳಬೇಕು. ಹಾರ್ಮೋನಿಕ್ ಬೀಳುವುದು 437.640ರಲ್ಲಿ, 1.76 ಮೆಗಾಹರ್ಟ್ಜ್ ಆಚೆ, ಹಾಗಾಗಿ ಐಎಸ್‌ಎಸ್‌ನಷ್ಟು ಕಾಟವಿಲ್ಲ. ಎಸ್‌ಒ-50 ಎಂಬ ಇನ್ನೊಂದು ಹ್ಯಾಮ್ ಉಪಗ್ರಹಕ್ಕೆ 145.850 ಕಳಿಸಿ 436.795 ಕೇಳುವಾಗ ಅಂತರ 755 ಕಿಲೋಹರ್ಟ್ಜ್.

ನಮ್ಮದೇ ಹ್ಯಾಮ್‌ಸ್ಯಾಟ್ ಇದ್ದ ಕಾಲದಲ್ಲಿ ಈ ತಲೆನೋವೇ ಇರಲಿಲ್ಲ. 2005ರ ಮೇ 5ರಂದು ಕಾರ್ಟೊಸ್ಯಾಟ್-1ರ ಜೊತೆ ಇಸ್ರೊ ಹಾರಿಸಿದ ಆ 42.5 ಕಿಲೋ ಉಪಗ್ರಹದಲ್ಲಿ ದಿಕ್ಕು ತಿರುವುಮುರುವು: 435.220ರಿಂದ 435.280ರವರೆಗೆ ಕಳಿಸುವುದು, 145.870ರಿಂದ 145.930ರವರೆಗೆ ಕೇಳುವುದು. 435ರ ಹಾರ್ಮೋನಿಕ್‌ಗಳು ಮೇಲಕ್ಕೆ ಹೋಗುತ್ತವೆಯೇ ಹೊರತು 145ಕ್ಕೆ ಇಳಿಯುವುದಿಲ್ಲ. 2014ರಲ್ಲಿ ಬ್ಯಾಟರಿ ಸತ್ತು ಅದು ಸುಮ್ಮನಾಯಿತು. 1974ರ ಎಒ-7 ಉಪಗ್ರಹ ಇನ್ನೂ ಬಿಸಿಲಲ್ಲಿ ಎಚ್ಚರವಾಗುತ್ತದೆ, ಅದರ ಮೋಡ್ ಬಿ ಎಂಬ ಬಗೆಯ ದಿಕ್ಕೂ ಹೀಗೇ. ಆದರೆ ಆ ಬಗೆಯ ಅಪ್‌ಲಿಂಕ್ 432.125ರಿಂದ 432.175. ನಮ್ಮ ಬ್ಯಾಂಡ್ ಶುರುವಾಗುವುದೇ 434ಕ್ಕೆ, ಹಾಗಾಗಿ ಭಾರತದಿಂದ ಆ ಬಗೆಗೆ ಕಿವಿಗೊಡಬಹುದು, ಅದರಲ್ಲಿ ಮಾತಾಡುವಂತಿಲ್ಲ.

ತಿರುವುಮುರುವು ಉಪಗ್ರಹ ಈಗಲೂ ಇವೆ. ಫಿಲಿಪೀನ್ಸ್‌ನ ದಿವಾಟ-2, ಅಂದರೆ ಪಿಒ-101, 437.500ರಲ್ಲಿ ಕೇಳಿಸಿಕೊಂಡು 145.900ರಲ್ಲಿ ಬಿಡುತ್ತದೆ. ಅದಕ್ಕೆ ಹೋಗುವ ಮುನ್ನ ಹ್ಯಾಂಡಿಯಿಂದ ಈ ಲೋಪಾಸ್ ಡಬ್ಬಿ ಬಿಚ್ಚಲೇಬೇಕು, ಇಲ್ಲವಾದರೆ 437ರ 5 ವ್ಯಾಟ್ ಪೂರ್ತಿ ಸೆಟ್ಟಿನ ಔಟ್‌ಪುಟ್ ಟ್ರಾನ್ಸಿಸ್ಟರ್‌ಗೇ ವಾಪಸ್. ಡಬ್ಬಿಯ ಮೇಲೆ ಕೆಂಪು ಮಾರ್ಕರ್‌ನಲ್ಲಿ ದಪ್ಪಗೆ ಬರೆದಿಟ್ಟಿದ್ದೇನೆ: '146ಕ್ಕೆ ಮಾತ್ರ.'